ಗಂಟೆಯ ಬಳಿ ನಿಂತ ಕೈ

ಬೆಳಗಿನ ನಮಾಜು ಮುಗಿದು ಕಾಲು ಗಂಟೆಯೂ ಆಗಿಲ್ಲ. ಕಾಶಾನ್ ಊರಿನ ತಾಮ್ರಪೇಟೆಯ ಹಿಂದಿನ ಓಣಿಯಲ್ಲಿ ಮೂರು ಮೆಟ್ಟಿಲು ಇಳಿದರೆ ಸಿಗುವ ಗರಡಿಮನೆಯೊಳಗೆ ಅರವತ್ತೇಳು ವರ್ಷದ ಸೈಫುಲ್ಲಾ ಕೆಂಡದ ಎದುರು ಕೂತಿದ್ದಾರೆ. ಮಣ್ಣಿನ ದೊಡ್ಡ ಡೋಲು ತೊಡೆಯ ಮೇಲಿದೆ. ಅದರ ಚರ್ಮವನ್ನು ಕಾವಿಗೆ ಹಿಡಿಯುತ್ತಾರೆ, ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಾರೆ, ತಲೆಯಾಡಿಸಿ ಮತ್ತೆ ಕಾಯಿಸುತ್ತಾರೆ. "ಇನ್ನೂ ನಿದ್ದೆಗಣ್ಣಲ್ಲೈತೆ," ಎನ್ನುತ್ತಾರೆ. ಹೇಳಿದ್ದು ಡೋಲಿನ ಬಗ್ಗೆಯೋ ನನ್ನ ಬಗ್ಗೆಯೋ ಗೊತ್ತಾಗುವುದಿಲ್ಲ.

ಕೆಳಗೆ ಎಂಟು ಮೂಲೆಯ ಕುಳಿಯಲ್ಲಿ ಹನ್ನೊಂದು ಮಂದಿ ನೆಲ ಮುಟ್ಟಿ ಬೆರಳಿಗೆ ಮುತ್ತಿಟ್ಟು ನಿಂತಿದ್ದಾರೆ. ಒಬ್ಬ ರೊಟ್ಟಿ ಸುಡುವವನು, ಒಬ್ಬ ಮೇಷ್ಟ್ರು, ಇಬ್ಬರು ನೇಕಾರರು, ಉಳಿದವರು ಅಂಗಡಿಯವರು. ಸೈಫುಲ್ಲಾ ಬಾಗಿಲ ಪಕ್ಕದ ಎತ್ತರದ ಕಟ್ಟೆ ಏರಿ ಕೂರುತ್ತಾರೆ. ಅವರ ಮುಖದೆದುರು ಸರಪಳಿಯಲ್ಲಿ ಒಂದು ಹಿತ್ತಾಳೆ ಗಂಟೆ ತೂಗುತ್ತಿದೆ. ಮೊದಲ ಪೆಟ್ಟು ಬೀಳುತ್ತದೆ, ಹಾಡು ಏಳುತ್ತದೆ, ಮರದ ಗದೆಯಂಥ ಹನ್ನೊಂದು ಜೊತೆ ಕರಲಾಕಟ್ಟೆಗಳು ಒಟ್ಟಿಗೆ ಹೆಗಲು ದಾಟುತ್ತವೆ.

ಇಲ್ಲಿ ಅವರನ್ನು ಕರೆಯುವುದು ಮೊರ್ಶೆದ್ ಎಂದು. ದಾರಿ ತೋರುವವನು ಎಂದರ್ಥ. ಹಾಡುವುದು ಹಳೆಯ ಕವಿಗಳ ದ್ವಿಪದಿಗಳನ್ನು. ನಡುನಡುವೆ ಪೈಗಂಬರರ ಮಾತು ಹೆಣೆಯುತ್ತಾರೆ. ಎದುರಾಳಿಯನ್ನು ಕೆಡವಿದವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಂಡವನೇ ಬಲಶಾಲಿ ಎಂಬಲ್ಲಿಗೆ ಬಂದಾಗ ಡೋಲು ಜೋರಾಗುತ್ತದೆ. ಹಣ್ಣು ತುಂಬಿದ ಕೊಂಬೆ ಬಾಗುತ್ತದೆ ಎಂಬಲ್ಲಿ ನಿಧಾನವಾಗುತ್ತದೆ. ಒಂದು ಬೆಳಗಿಗೆ ಅರವತ್ತು ದ್ವಿಪದಿ, ವಾರಕ್ಕೆ ಆರು ದಿನ, ಮೂವತ್ತೊಂದು ವರ್ಷ. ಒಟ್ಟು ಎಷ್ಟು ಬಾಯಿಪಾಠ ಇದೆ ಎಂದು ಕೇಳಿದರೆ ನಗುತ್ತಾರೆ. "ಎಣಿಸಕ್ ಕೂತ್ರೆ ಮರ್ತೋಗುತ್ತೆ ಆಗಾ." ಇಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಆಗಾ ಎಂದೇ.

ನಾನು ಈ ಓಣಿಯಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಗರಡಿಗೆ ಇಳಿದದ್ದು ಮೂರೇ ದಿನ, ಮಂಡಿ ಒಪ್ಪಲಿಲ್ಲ. ಆದರೆ ಡೋಲು ಗೋಡೆ ದಾಟಿ ಬರುತ್ತದೆ. ಗುಲಾಬಿ ಕೊಯ್ಲಿನ ಈ ತಿಂಗಳಲ್ಲಿ ಬಟ್ಟಿ ಇಳಿಸುವ ಮನೆಗಳ ಹಬೆಯೂ ಅದರ ಜೊತೆ ಕಿಟಕಿಗೆ ಬರುತ್ತದೆ. ಅರೆನಿದ್ದೆಯಲ್ಲಿ ಪದ್ಯ ಯಾವುದು, ಕನಸು ಯಾವುದು, ಗುಲಾಬಿ ಯಾವುದು ಎಂದು ತಿಳಿಯುವುದಿಲ್ಲ. ಹೋದ ವರ್ಷ ತರಕಾರಿಯವನ ಜೊತೆ ಜಗಳಕ್ಕೆ ನಿಂತು ಕೈ ಎತ್ತಿದವನು ಇದ್ದಕ್ಕಿದ್ದಂತೆ ಇಳಿಸಿಬಿಟ್ಟೆ. ತಲೆಯೊಳಗೆ ಡೋಲು ಕೇಳಿಸಿತ್ತು. ನಮ್ಮ ಓಣಿಯ ಅರ್ಧ ಜನ ನೀತಿ ಕಲಿತದ್ದು ನಿದ್ದೆಯಲ್ಲೇ. ಕುಸ್ತಿ ಗೆದ್ದವರ ಪಟಗಳು ಗರಡಿಯ ಗೋಡೆ ತುಂಬ ನೇತಾಡುತ್ತಿವೆ, ಅವರಿಗೆ ಹಾಡಿದವನ ಪಟ ಒಂದೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ, ಪೇಪರಿಗೆ ಬರೆಯಲು ಕೂತದ್ದೂ ಅದಕ್ಕೇ.

ಎಂಟಕ್ಕೆ ಗರಡಿ ಮುಗಿಯುತ್ತದೆ. ಒಂದು ಲೋಟ ಚಹಾ, ಒಂದು ಸಕ್ಕರೆ ಹರಳು, ಅರ್ಧ ರೊಟ್ಟಿ. ಒಂಬತ್ತಕ್ಕೆ ಸೈಫುಲ್ಲಾ ಪೇಟೆಯ ಮೂಲೆಯಲ್ಲಿ ತಿದಿಯೊತ್ತುತ್ತಿರುತ್ತಾರೆ. ಅವರು ಕಸುಬಿನಲ್ಲಿ ಕಲಾಯಿಗಾರರು. ತಾಮ್ರದ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಕರಗಿಸಿ, ಹತ್ತಿಯಿಂದ ಒಳಮೈಗೆ ಒರೆಸುತ್ತಾರೆ. ದಿನಕ್ಕೆ ಎಂಟೋ ಹತ್ತೋ ಪಾತ್ರೆ. ಮೊದಲೆಲ್ಲ ಮೂವತ್ತು ಇರುತ್ತಿದ್ದವು. ಈಗ ಮನೆಮನೆಗೂ ಸ್ಟೀಲು ಬಂದಿದೆ.

ಅವರನ್ನು ನಾಲ್ಕನೇ ತರಗತಿಗೇ ಶಾಲೆ ಬಿಡಿಸಿ ಸೋದರಮಾವನ ಅಂಗಡಿಗೆ ಹಾಕಿದರು. ಆ ಮಾವನೇ ಗರಡಿಯ ಹಿಂದಿನ ಮೊರ್ಶೆದ್. ದೊಡ್ಡ ಹಂಡೆಯೊಳಗೆ ಮರಳು ಸುರಿದು, ಬರಿಗಾಲಲ್ಲಿ ನಿಂತು, ಸೊಂಟ ತಿರುವುತ್ತಾ ಕಿಲುಬು ಉಜ್ಜುವ ಕೆಲಸ ಹುಡುಗನದು. "ಮಾವ ತಿದಿ ಒತ್ಕೊಂಡು ಒಂದ್ ಸಾಲು ಹೇಳೋರು. ಆ ಪಾತ್ರೆ ಮುಗಿಯೋದ್ರೊಳ್ಗೆ ಅದು ಬಾಯಿಗ್ ಬರ್ಬೇಕು. ಬರ್ಲಿಲ್ವಾ, ಹಂಡೆಯಿಂದ ಆಚೆ ಬರೋ ಹಾಗಿಲ್ಲ. ನನ್ ಕಾಲಿಗ್ ಮೊದ್ಲು ಬಂತು, ಆಮೇಲ್ ಬಾಯಿಗೆ," ಎನ್ನುತ್ತಾರೆ. ಒಮ್ಮೆ ಕರಗಿದ ತವರ ಚೆಲ್ಲಿ ಎಡಗೈಯ ಎರಡು ಬೆರಳು ಅಂದಿನಿಂದ ಮಡಚುವುದಿಲ್ಲ. ಡೋಲಿನ ಕೆಳದನಿ ತೆಗೆಯುವುದು ಆ ಎರಡು ಬೆರಳಿನಿಂದಲೇ.

ಅಂಗಡಿಗೆ ಹೋಗತೊಡಗಿದ ಮೂರನೆಯ ದಿನ ನಾನು ಟಿಪ್ಪಣಿ ಪುಸ್ತಕ ತೆಗೆದಾಗ ಅವರು ತಿದಿ ನಿಲ್ಲಿಸಿದರು.

"ಯಾವರ್ ಆಗಾನ ವಿಷ್ಯ ಬರೀತೀಯೋ ಇಲ್ವೋ? ಬರಿಯಲ್ಲ ಅಂದ್ರೆ ನನ್ ಹೆಸ್ರೂ ಬರೀಬೇಡ."

ಗರಡಿಯ ಬಾಗಿಲು ಗಿಡ್ಡ. ಎಂಥವನೂ ತಲೆ ಬಗ್ಗಿಸಿಯೇ ಬರಬೇಕು. ಬಂದವನನ್ನು ಮೊರ್ಶೆದ್ ಅವನ ಯೋಗ್ಯತೆ ನೋಡಿ ಬರಮಾಡಿಕೊಳ್ಳುತ್ತಾರೆ. ಹೊಸಬನಿಗೆ ಬಾಯಿಮಾತು, ಹಳಬನಿಗೆ ಡೋಲಿನ ಪೆಟ್ಟು. ಗಂಟೆ ಮಾತ್ರ ತೋಳಿನ ಬಲಕ್ಕೆ ಸಿಗುವುದಲ್ಲ. ಜೀವಮಾನವಿಡೀ ನುಡಿಗೆ ತಪ್ಪದೆ, ಕೈ ಶುದ್ಧವಾಗಿಟ್ಟುಕೊಂಡು ನಡೆದವನಿಗೆ ಮಾತ್ರ ಅದು ಮೊಳಗುತ್ತದೆ. ಈ ಗರಡಿಯಲ್ಲಿ ಆ ಮರ್ಯಾದೆ ಇದ್ದದ್ದು ಒಬ್ಬರಿಗೇ, ಗುಲಾಬಿನೀರು ಬಟ್ಟಿ ಇಳಿಸುವ ಯಾವರ್‌ಗೆ.

ಒಂಬತ್ತು ವರ್ಷದ ಹಿಂದೆ, ಯಾವರ್ ಗುಲಾಬಿನೀರಿಗೆ ಬಾವಿನೀರು ಬೆರೆಸುತ್ತಾರೆ ಎಂದು ಪೇಟೆಯಲ್ಲಿ ಗುಸುಗುಸು ಎದ್ದಿತು. ಮರುದಿನ ಬೆಳಿಗ್ಗೆ ಯಾವರ್ ಎಂದಿನಂತೆ ಬಾಗಿ ಒಳಗೆ ಬಂದರು. ಸೈಫುಲ್ಲಾ ಗಂಟೆಗೆ ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಆವತ್ತು ಹಾಡಿದ್ದೇ ಚಾಡಿ ಮಾತಿನ ಮೇಲಿನ ಪದ್ಯ ಕಣೋ," ಎನ್ನುತ್ತಾರೆ. "ಬೆನ್ ಹಿಂದೆ ಆಡ್ಕೊಳ್ಳೋದು ಸತ್ತ ತಮ್ಮನ್ ಮಾಂಸ ತಿಂದಂಗೆ ಅಂತ ಆಗ್ ತಾನೆ ಬಾಯ್ತುಂಬ ಹೇಳಿದ್ದೆ. ಹೇಳಿದ್ ಬಾಯಿ ಒಣಗೇ ಇರ್ಲಿಲ್ಲ, ನಾನೇ ತಿಂದೆ."

ಯಾವರ್ ಒಂದು ಉಸಿರಿನಷ್ಟು ಹೊತ್ತು ಬಾಗಿಲಲ್ಲಿ ನಿಂತರಂತೆ. ಆಮೇಲೆ ಇಳಿದು, ನೆಲ ಮುಟ್ಟಿ, ಒಂದು ಸುತ್ತೂ ಬಿಡದೆ ಸಾಮು ಮುಗಿಸಿ ಹೋದರು. ಮತ್ತೆ ಬರಲಿಲ್ಲ. ನೀರು ಬೆರೆಸಿದವನು ಅವರ ಹೆಸರಿನ ಸೀಸೆ ಕದ್ದು ತುಂಬಿಸಿದ ಬೇರೊಬ್ಬ ಎಂದು ಮೂರು ತಿಂಗಳಿಗೆ ತಿಳಿಯಿತು. ಸೈಫುಲ್ಲಾ ಯಾವರ್ ಮನೆಗೆ ಹೋಗಿ ಕೈ ಹಿಡಿದರು. ಯಾವರ್ ಚಹಾ ಕೊಟ್ಟು, ಕ್ಷಮಿಸಿದ್ದೇನೆ ಎಂದು ಹೇಳಿ, ಒಂದೇ ಮಾತು ಸೇರಿಸಿದರು. "ಆದದ್ದು ಹತ್ ಜನರ್ ಮುಂದೆ ಮೊರ್ಶೆದ್. ನನ್ ಜಗುಲಿ ಮೇಲೆ ಸರಿಹೋಗಲ್ಲ."

ಹತ್ತು ಜನರ ಮುಂದೆ ಹೇಳಲು ಒಂಬತ್ತು ವರ್ಷ ಸೈಫುಲ್ಲಾಗೆ ನಾಲಗೆ ಏಳಲಿಲ್ಲ. ದಾರಿ ತೋರುವವನೇ ದಾರಿ ತಪ್ಪಿದೆ ಅಂದರೆ ನಾಳೆ ಯಾರು ಕೇಳುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು. ಅಷ್ಟೂ ದಿನ ಕಟ್ಟೆಯ ಮೇಲೆ ಕೂತು ಬಾಗಿದ ಕೊಂಬೆಯ ಪದ್ಯ ಹಾಡಿದರು. ಈಗ ಯಾವರ್‌ಗೆ ಎಂಬತ್ತೆರಡು. ಕಳೆದ ಚಳಿಗಾಲದಲ್ಲಿ ಎರಡು ಸಲ ಹಾಸಿಗೆ ಹಿಡಿದಿದ್ದರು. ಇನ್ನು ಕಾಯಲು ಹೊತ್ತಿಲ್ಲ.

"ಅದಕ್ಕೇ ಪೇಪರ್‌ನಲ್ ಬರಿ ಅಂತಿರೋದು," ಎಂದರು. ನಾನು ಬರೆದುಕೊಳ್ಳತೊಡಗಿದೆ. ಅಷ್ಟರಲ್ಲಿ ಊಟದ ಬುತ್ತಿ ತಂದ ಅವರ ಹೆಂಡತಿ ತೂಬಾ ಖಾನೂಮ್ ಬುತ್ತಿಯನ್ನು ಧಡಕ್ಕನೆ ಇಟ್ಟರು.

"ಪೇಪರ್‌ನಲ್ಲಂತೆ! ನಾಳೆ ಅದ್ರಲ್ ಸೊಪ್ಪು ಸುತ್ತಿ ಕೊಡ್ತಾರೆ. ಇಡೀ ಊರಿಗ್ ವಿನಯ ಹೇಳ್ಕೊಡೋ ಬಾಯಿ, ಮನೇಲಿ ಉಪ್ಪು ಕಮ್ಮಿ ಅಂದ್ರೆ ಓಣಿಗೆಲ್ಲ ಕೇಳೋ ಬಾಯಿ, ಇದೊಂದ್ ಹೇಳಕ್ಕೆ ಬೇರೆಯವ್ರ ಪೆನ್ನು ಬೇಕಾ?" ಆಮೇಲೆ ದನಿ ತಗ್ಗಿಸಿ, "ಬೆಳಿಗ್ಗೆ ಕಟ್ಟೆಯಿಂದ ಇಳೀರಿ. ಹೆಂಗಸ್ರು ಒಳಗ್ ಬರೋ ಹಾಗಿಲ್ವಲ್ಲ, ನಾನು ಗೋಡೆ ಆಚೆ ನಿಂತಿರ್ತೀನಿ," ಎಂದರು.

ಮರುದಿನ ಬೆಳಿಗ್ಗೆ ಡೋಲು ಕಾದಿದೆ, ಹನ್ನೊಂದು ಮಂದಿ ಸಾಲಾಗಿ ನಿಂತಿದ್ದಾರೆ, ಹಾಡು ಏಳುವುದಿಲ್ಲ. ಸೈಫುಲ್ಲಾ ಕಟ್ಟೆಯಿಂದ ಇಳಿಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ಸಾಮಿನ ಹೊತ್ತಿಗೆ ಅವರು ಇಳಿದದ್ದು ಇದೇ ಮೊದಲು. ಕುಳಿಯ ನಡುವೆ ನಿಂತು, ನೆಲ ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಹಾಡಿನ ದನಿಯಲ್ಲ, ಅಂಗಡಿಯ ದನಿಯಲ್ಲಿ ಹೇಳುತ್ತಾರೆ. "ಯಾವರ್ ಆಗಾ ತಪ್ ಮಾಡಿರ್ಲಿಲ್ಲ. ನಾನ್ ಚಾಡಿ ನಂಬ್ದೆ. ಆಮೇಲ್ ಗೊತ್ತಾದ್ರೂ ಬಾಯ್ ಮುಚ್ಕೊಂಡಿದ್ದೆ. ನನ್ ಹಾಡು ಬ್ಯಾಡ ಅನ್ನೋರು ಈಗ್ಲೇ ಹೇಳ್ಬಿಡಿ."

ರೊಟ್ಟಿಯವನು ತನ್ನ ಕರಲಾಕಟ್ಟೆ ಕೆಳಗಿಟ್ಟು ಮೊರ್ಶೆದ್‌ರ ಹೆಗಲಿಗೆ ಮುತ್ತಿಡುತ್ತಾನೆ. "ಹತ್ತಿ ಕೂತ್ಕೊಳಿ ಮೊರ್ಶೆದ್, ನನ್ ಒಲೆ ಕಾಯ್ತಾ ಇದೆ," ಎನ್ನುತ್ತಾನೆ. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಸುದ್ದಿ ಓಣಿ ದಾಟಿ ಹೋಗುತ್ತದೆ. ಒಂದು ದಿನ, ಎರಡು ದಿನ, ಬಾಗಿಲಲ್ಲಿ ಯಾರೂ ಕಾಣುವುದಿಲ್ಲ. ಮೂರನೆಯ ದಿನ ಸೈಫುಲ್ಲಾ ಸಾಲು ಮರೆಯುತ್ತಾರೆ, ಮೊದಲ ಸಲ.

ನಾಲ್ಕನೆಯ ಬೆಳಿಗ್ಗೆ ಹಾಡಿನ ನಡುವೆ ಗುಲಾಬಿಯ ವಾಸನೆ ಮೆಟ್ಟಿಲಿಳಿದು ಒಳಗೆ ಬರುತ್ತದೆ. ಅದರ ಹಿಂದೆ ಒಂದು ಊರುಗೋಲು, ಅದರ ಹಿಂದೆ ಬೆಳ್ಳಗಿನ ತಲೆ. ಯಾವರ್ ಬಾಗಿಲಲ್ಲಿ ಬಾಗಬೇಕಾದ್ದೇ ಇಲ್ಲ, ವಯಸ್ಸು ಬಗ್ಗಿಸಿದೆ. ಡೋಲು ನಿಲ್ಲುತ್ತದೆ. ಸೈಫುಲ್ಲಾರ ಕೈ ಮೇಲೇಳುತ್ತದೆ. ಗಂಟೆ ಮೊಳಗುತ್ತದೆ, ಮತ್ತೆ ಮೊಳಗುತ್ತದೆ, ಲೆಕ್ಕ ತಪ್ಪಿ ಮೊಳಗುತ್ತದೆ. ಹೊರಗೆ ಗೋಡೆಯ ಆಚೆ ಯಾರೋ ಹೆಂಗಸು ಮೂಗು ಸೀಟುವುದು ಕೇಳಿಸುತ್ತದೆ.

ಗಂಟೆಯ ದನಿ ಪೂರಾ ಆರುವ ತನಕ ಯಾವರ್ ಕಾಯುತ್ತಾರೆ. ಆಮೇಲೆ ಕಟ್ಟೆಯ ಕಡೆ ತಲೆ ಎತ್ತಿ ನೋಡುತ್ತಾರೆ.

"ಒಂಬತ್ ವರ್ಷ ಕೈ ಮೇಲೇ ಇತ್ತಾ ಮೊರ್ಶೆದ್? ನೋಯ್ಲಿಲ್ವಾ?"

"ನೋಯ್ತಿತ್ತು ಆಗಾ," ಎನ್ನುತ್ತಾರೆ ಸೈಫುಲ್ಲಾ. "ದಿನಾ ಬೆಳಿಗ್ಗೆ."