ಗೊಬ್ಬರದಜ್ಜಿ ಹೊತ್ತು ತಂದ ಚೀಲ

ಗೊಬ್ಬರದಜ್ಜಿ ಅಂತ ಹೆಸರಿಟ್ಟವರು ನಮ್ಮ ಬೀದಿಯವರೇ. ಸಸಿ ಮಾರಿ ಮಗನನ್ನು ಓದಿಸಿದವಳು ಅಜ್ಜಿ. ಆ ಹೆಸರಿಗೆ ಬೇಜಾರಿರಲಿಲ್ಲ, ಗೊಬ್ಬರ ಕಂಡು ಮೂಗು ಮುರಿಯುವವರ ಮೇಲೆ ಮಾತ್ರ ಉರಿದು ಬೀಳುತ್ತಿದ್ದಳು. ಎಲೆ ಕೊಳೆಸುವುದರಲ್ಲಿ ಅವಳದೊಂದು ಪದ್ಧತಿ. ಹಳೇ ಗುಡ್ಡೆಯಿಂದ ಒಂದು ಬುಟ್ಟಿ ಎತ್ತಿಟ್ಟು ಹೊಸ ಗುಡ್ಡೆಗೆ ಬೆರೆಸಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವಳ ಅತ್ತೆಯ ಕಾಲದಿಂದ ಅದು ಒಮ್ಮೆಯೂ ತಪ್ಪಿರಲಿಲ್ಲ.

ಹೊಳೆಯಾಚೆಯ ಅಣು ವಿದ್ಯುತ್ ಸ್ಥಾವರ ಸಿಡಿದು, ಮನೆ ಬಿಟ್ಟು ಹೊರಡಿ ಎಂದು ಮೈಕಿನಲ್ಲಿ ಕೂಗಿದರು. ಆಳಿಗೊಂದೇ ಚೀಲ. ನಾನು ಬಟ್ಟೆ ತುರುಕಿಕೊಂಡೆ, ಅಜ್ಜಿ ಹಳೇ ಗೊಬ್ಬರ ತುಂಬಿಕೊಂಡಳು. ದಾರಿಯಲ್ಲಿ ಬಸ್ಸು ನಿಲ್ಲಿಸಿ ನಮ್ಮ ಕೂದಲು, ಕೈಕಾಲು, ಚಪ್ಪಲಿಗೆಲ್ಲ ವಿಕಿರಣ ಅಳೆಯುವ ಮೀಟರು ಹಿಡಿದರು. ಬಸ್ಸಿನ ತಲೆಯ ಮೇಲಿದ್ದ ಗಂಟುಮೂಟೆಯತ್ತ ಆ ಪುಣ್ಯಾತ್ಮರು ಕತ್ತೆತ್ತಿಯೂ ನೋಡಲಿಲ್ಲ.

"ಅಜ್ಜೀ, ಅದ್ಯಾಕೆ ಹೊತ್ಕೊಂಡು ಬಂದೆ? ವಿಷ ಬಿದ್ದಿರತ್ತಂತೆ," ಎಂದೆ.

ಬಸ್ಸಿಳಿದು ಚೀಲ ಕೈಗೆ ಬಂದಿದ್ದೇ ಅಜ್ಜಿ ಒಂದು ಹಿಡಿ ತೆಗೆದು ಮೂಸಿ ನೋಡಿದಳು. "ಕೆಟ್ಟಿದ್ರೆ ನಾರತ್ತೆ ಕಣೇ. ಈ ಮೂಗು ನಂಗೆ ಯಾವತ್ತೂ ಮೋಸ ಮಾಡಿಲ್ಲ."

ನಮ್ಮ ಬೀದಿಯಲ್ಲಿ ಆ ಮೂಗಿಗೆ ಎದುರು ಮಾತೇ ಇರಲಿಲ್ಲ.

ಹೊಸ ಊರಿನಲ್ಲಿ ನಮಗೆಲ್ಲ ಒಂದೇ ಕಟ್ಟಡದಲ್ಲಿ ಮನೆ ಕೊಟ್ಟರು. ಅಜ್ಜಿಯ ಸೊಸೆಗೆ ಅಂಗಡಿ ತರಕಾರಿ ಎಂದರೆ ಎದೆ ಝಲ್ಲೆನ್ನುತ್ತಿತ್ತು. ಎಲ್ಲಿಯದು, ಯಾವ ಕಡೆಯದು ಎಂದು ಕೇಳಿ ಕೇಳಿ ಅಂಗಡಿಯವರ ತಲೆ ತಿನ್ನುತ್ತಿದ್ದಳು. ಕೊನೆಗೆ ಮಗಳಿಗೆ, ಇನ್ನೂ ಮಾತು ಕಲಿಯುತ್ತಿದ್ದ ಕೂಸಿಗೆ, ಅತ್ತೆ ಆ ಚೀಲದ ಗೊಬ್ಬರ ಬೆರೆಸಿ ಬಾಲ್ಕನಿಯ ಕುಂಡಗಳಲ್ಲಿ ಬೆಳೆದ ಸೊಪ್ಪು, ಟೊಮೆಟೊ ಮಾತ್ರ ತಿನ್ನಿಸತೊಡಗಿದಳು. "ಅತ್ತೆ, ನೀವಿಲ್ದಿದ್ರೆ ನನ್ ಮಗೂಗೆ ಏನ್ ಗತಿ ಆಗ್ತಿತ್ತೋ," ಎನ್ನುತ್ತಿದ್ದಳು. ಅಜ್ಜಿ ಉಬ್ಬಿ ಹೋಗುತ್ತಿದ್ದಳು. ಮಗು ಕುಂಡಗಳ ನಡುವೆ ಕೂತು ಮಣ್ಣು ಕೆದಕುತ್ತಾ ಹಣ್ಣು ತಿನ್ನುತ್ತಿತ್ತು.

ಕಟ್ಟಡದ ಚರಂಡಿಯಲ್ಲಿ ವಿಕಿರಣ ಇದೆಯೇ ಎಂದು ನೋಡಲು ಬಂದ ಮೀಟರಿನವನು ಆ ಬಾಲ್ಕನಿಗೂ ಬಂದ. ಯಂತ್ರ ಬಿಡದೆ ಕಿರಿಚಿಕೊಂಡಿತು. ಕೆಟ್ಟಿರಬೇಕೆಂದು ಅವನು ಅದಕ್ಕೆರಡು ತಟ್ಟಿ, ಹೊರಗೆ ಹೋಗಿ ಮತ್ತೆ ಬಂದ. ಮತ್ತೂ ಜೋರಾಯಿತು.

"ಈ ಮಣ್ಣು ಎಲ್ಲಿಂದ ತಂದಿದ್ದಮ್ಮಾ?"

ಅಜ್ಜಿ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಮುಖ ಬಿಳಿಚಿಕೊಂಡಿತು.

ಮಗುವಿನ ಮೈಯಲ್ಲೂ ಆ ವಿಷ ಸೇರಿತ್ತು. "ಈಗ್ಲೇ ಏನೂ ಹೇಳಕ್ಕಾಗಲ್ಲ, ವರ್ಷ ವರ್ಷ ತೋರಿಸ್ತಾ ಇರಿ," ಎಂದರು ಡಾಕ್ಟರು. ಏನಾಗುತ್ತದೋ ತಿಳಿಯುವ ಹೊತ್ತಿಗೆ ಅಜ್ಜಿ ಇರುವುದಿಲ್ಲ. ನನಗೆ ಯಾರನ್ನು ಬೈಯಬೇಕೋ ತಿಳಿಯದೆ ಮೈಯೆಲ್ಲ ಉರಿಯಿತು. ಸೊಸೆ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಬೈದಿದ್ದರೆ ಅಜ್ಜಿ ಅತ್ತಾದರೂ ಹಗುರಾಗುತ್ತಿದ್ದಳು.

ಕೆಲವು ವಾರ ಕಳೆದು ಸೊಸೆ ತಾನೇ ವಾಪಸ್ ಬಂದಳು. ಅಜ್ಜಿ ಬೇಕೆಂದು ಮಗು ಊಟ ಬಿಟ್ಟಿತ್ತಂತೆ. ಮೆಟ್ಟಿಲ ಮೇಲೆ ಅದರ ದನಿ ಕೇಳಿದ್ದೇ ತಡ, ನನ್ನ ಜೊತೆ ಕೂತಿದ್ದ ಅಜ್ಜಿ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

"ಅತ್ತೆ, ಬಾಗ್ಲು ತೆಗೀರಿ. ನಂಗೆ ನಿಮ್ ಮೇಲೆ ಕೋಪ ಇಲ್ಲ."

"ಕೋಪದ ಮಾತಲ್ಲಮ್ಮ. ಮಗೂನ ಕರ್ಕೊಂಡು ಹೋಗು. ಎಷ್ಟು ಉಜ್ಜಿದ್ರೂ ಈ ಕೈ ಚೊಕ್ಕ ಆಗ್ತಿಲ್ಲ."

ಮಗುವಿಗೆ ಇದು ಕಣ್ಣಾಮುಚ್ಚಾಲೆ. ನೆಲಕ್ಕೆ ಮಲಗಿ, ಬಾಗಿಲ ಸಂದಿಗೆ ಬಾಯಿಟ್ಟು, "ಅಜ್ಜೀ, ಸಿಕ್ಬಿಟ್ಟೆ!" ಎಂದು ಕೇಕೆ ಹಾಕಿತು. ಒಳಗೆ ಅಜ್ಜಿ ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು.