ಬಚ್ಚಲ ಹಿಂದಿನ ಗುಲಾಬಿ

ಇವತ್ತು ಬೆಳಿಗ್ಗೆ ಕುಂಡದ ಗುಲಾಬಿಗೆ ಚಿಮುಕಿಸಲೆಂದು ಹುಳಿ ಮಜ್ಜಿಗೆಗೆ ನೀರು ಬೆರೆಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅರಸೀಕೆರೆಯ ನಮ್ಮ ಪಕ್ಕದ ಮನೆ ಟೀಚರಮ್ಮ ಕಣ್ಣೆದುರು ಬಂದು ನಿಂತರು.

ತೊಂಬತ್ತರ ದಶಕದ ಮಾತು. ಅವರ ಕಾಂಪೌಂಡಿನಲ್ಲಿ ಒಂದೇ ತಾಯಿಗಿಡದ ಕಡ್ಡಿ ನೆಟ್ಟು ಬೆಳೆಸಿದ ಎರಡು ಕೆಂಪು ಗುಲಾಬಿಗಳಿದ್ದವು. ಗೇಟಿನ ಪಕ್ಕದ್ದು ಮೈತುಂಬ ಹೂ ಬಿಡುತ್ತಿತ್ತು. ಬಚ್ಚಲ ಹಿಂದಿನದಕ್ಕೆ ಮಾತ್ರ ಪ್ರತಿ ಚಳಿಗಾಲವೂ ಬೂದಿರೋಗ. ಎಲೆಗಳ ಮೇಲೆ ಯಾರೋ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ, ಮೊಗ್ಗೆಲ್ಲ ಮುರುಟು.

ನಮ್ಮನೆಯಲ್ಲೂ ಅದೇ ಕಥೆ. ಅಕ್ಕನಿಗೆ ನೆಗಡಿಯೂ ಬಾರದು, ನನಗೆ ಚಳಿ ಶುರುವಾಯಿತೆಂದರೆ ಉಬ್ಬಸ. "ಒಂದೇ ಹೊಟ್ಟೇಲಿ ಹುಟ್ಟಿದ್ದು, ಅವಳು ಗುಂಡುಕಲ್ಲು ಇದ್ದಂಗವಳೆ, ಇದು ನೋಡಿದ್ರೆ ಹಿಂಗೈತೆ" ಎಂದು ಅವ್ವ ಬಂದವರೆದುರೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ, ಕೆಟ್ಟ ಕಡ್ಡಿ ಅಂದರೆ ನಾನೇ ಅನ್ನಿಸಿಬಿಟ್ಟಿತ್ತು. ಅದಕ್ಕೇ ಏನೋ, ಆ ರೋಗದ ಗಿಡದ ಮೇಲೆ ನನಗೆ ಎಲ್ಲಿಲ್ಲದ ಮಮತೆ...

"ಟೀಚರ್, ಇದನ್ನ ಕಿತ್ತು ಬಿಸಾಕ್ತೀರಾ?" ಎಂದು ಒಂದು ದಿನ ಹೆದರುತ್ತಲೇ ಕೇಳಿದೆ.

"ಅಯ್ಯೋ, ಯಾಕೆ ಕೀಳ್ಲಿ? ಬಿಸಿಲಿಲ್ಲ, ಗಾಳಿ ಇಲ್ಲ, ಅಲ್ಲಿ ನೆಟ್ಟಿದ್ದು ನಂದೇ ತಪ್ಪು ಕಣೇ" ಎಂದವರು, ರೋಗದ ಟೊಂಗೆಗಳನ್ನು ಕತ್ತರಿಸಿ, ಬೇರಿನ ಮಣ್ಣು ಒಡೆಯದಂತೆ ಅಗೆದು, ಗಿಡವನ್ನು ಬಿಸಿಲಿಗೆ ತಂದು ನೆಟ್ಟರು. ಬೂದಿರೋಗಕ್ಕೆ ಮದ್ದೆಂದು ಹುಳಿ ಮಜ್ಜಿಗೆ ನೀರು ಚಿಮುಕಿಸುವ ಕೆಲಸ ನನ್ನದು.

ಮಾರನೆಯ ಚಳಿಗಾಲ ಗಿಡಕ್ಕೆ ಅಲ್ಲೊಂದು ಇಲ್ಲೊಂದು ಎಲೆ ಬೆಳ್ಳಗಾಯಿತು, ಅಷ್ಟೇ. ಉಬ್ಬಸದಿಂದ ಮಲಗಿದ್ದ ನನ್ನನ್ನು ನೋಡಲು ಟೀಚರಮ್ಮ ಅದರದ್ದೇ ಹೂ ಹಿಡಿದು ಬಂದರು. ಅವತ್ತೇ ಮೊದಲ ಸಲ ಅವರು ನನ್ನ ಹಾಸಿಗೆ ಕಂಡದ್ದು. ಕೊಬ್ಬರಿಯಾಗಲೆಂದು ಕಾಯಿ ತುಂಬಿಟ್ಟ ಅಟ್ಟದ ಕೆಳಗೆ, ಕಿಟಕಿಯಿಲ್ಲದ ಕೋಣೆ. ಅಟ್ಟದ ದೂಳೆಲ್ಲ ನನ್ನ ಮೇಲೆ. ಅಕ್ಕ ಮಲಗುತ್ತಿದ್ದದ್ದು ನಡುಮನೆಯಲ್ಲಿ, ಅಜ್ಜಿಯ ಜೊತೆ.

"ಗಿಡಾನೇ ಎತ್ತಿ ಬಿಸಿಲಿಗೆ ಇಟ್ಟೆ ಕಣ್ರೀ. ಈ ಮಗೂನೂ ಎತ್ತಿ ನಡುಮನೇಲಿ ಮಲಗಿಸ್ರೀ" ಅಂದರು ಅವ್ವನಿಗೆ. ಅವ್ವ ಬಾಯಿಗೆ ಸೆರಗು ಹಿಡಿದು ಅತ್ತೇಬಿಟ್ಟಳು. ಅಂದಿನಿಂದ ನನ್ನ ಹಾಸಿಗೆ ನಡುಮನೆಗೆ ಬಂತು. ಉಬ್ಬಸ ಪೂರ್ತಿ ಹೋಗಲಿಲ್ಲ, ಆದರೆ ಸ್ಕೂಲು ತಪ್ಪಿಸುವುದು ನಿಂತಿತು.

ಆಮೇಲೆ ಅವರು ವರ್ಗವಾಗಿ ಹೋದರು. ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು, ಟೀಚರಮ್ಮ ಬಾಣಾವರದಲ್ಲಿ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ ಅಂತ. ರೈಲು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಈ ಭಾನುವಾರ, ಬರೋ ಭಾನುವಾರ ಅನ್ನುತ್ತಲೇ ಇದ್ದೆ... ಅಷ್ಟರಲ್ಲಿ ಹೋಗಿಬಿಟ್ಟರು.

ಮಜ್ಜಿಗೆ ಚಿಮುಕಿಸಿ, ಕುಂಡವನ್ನು ಬಿಸಿಲಿರುವ ಕಡೆಗೆ ಎತ್ತಿಟ್ಟೆ. ಅವರ ಹಾಸಿಗೆ ಯಾವ ಕೋಣೆಯಲ್ಲಿತ್ತೋ, ಅದಕ್ಕೆ ಕಿಟಕಿ ಇತ್ತೋ ಇಲ್ಲವೋ... ನಾನು ಹೋಗಿ ನೋಡಲೇ ಇಲ್ಲ.