ನನ್ನ ಹೆಸರಿಗೆ ಬರುವ ಮಾಸಪತ್ರಿಕೆ

ನಾನು ಕೆಲಸ ಮಾಡುವ ಬೀಚನಹಳ್ಳಿ ಅಣೆಕಟ್ಟೆಯ ಕ್ವಾರ್ಟರ್ಸ್‌ನವರ ಟಪಾಲನ್ನೆಲ್ಲ ರಸ್ತೆಬದಿಯ ಮಾದಪ್ಪಣ್ಣನ ಟೀ ಹೋಟೆಲಿನಲ್ಲಿ ಅಂಚೆಯವನು ಇಟ್ಟು ಹೋಗುವುದು ವಾಡಿಕೆ. ನನ್ನ ಮಾಸಪತ್ರಿಕೆಯೂ ಅಲ್ಲೇ ಸಿಗುತ್ತಿತ್ತು. ಮುಖಪುಟದ ಮೇಲೆ ಲೋಟದ ಗುರುತು, ಧಾರಾವಾಹಿಯ ಪುಟಕ್ಕೆ ಚಟ್ನಿ. ಕೇಳಿದರೆ ಮಾದಪ್ಪಣ್ಣ, "ಅಂಗೇ ಬಂತು ಕಣ್ ಸಾ" ಅನ್ನುತ್ತಿದ್ದ. ಪ್ರೆಸ್ಸಿನವರೇ ಚಟ್ನಿ ಹಚ್ಚಿ ಕಳಿಸುತ್ತಾರೆ, ಪಾಪ!

ಮಾದಪ್ಪಣ್ಣನ ಮೇಲೆ ರೇಗಲಾಗದೆ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ರೇಗಿದೆ. "ಆನ್‌ಲೈನ್‌ನಲ್ಲಿ ಓದಿ ಸರ್" ಎಂದು ನಯವಾಗಿ ಸಾಗಹಾಕಿದರು. ಸಿಗ್ನಲ್‌ಗಾಗಿ ಅಣೆಕಟ್ಟೆ ಹತ್ತಿ ನಿಂತೆ. ಒಂದು ಪ್ಯಾರಾ ಕಥೆ, ಅದರ ಮೇಲೆ ಮಂಡಿನೋವಿನ ಎಣ್ಣೆಯ ಜಾಹೀರಾತು. ಚಟ್ನಿಗಿಂತ ಎಣ್ಣೆಯೇ ವಾಸಿ ಎಂದುಕೊಂಡು ಅಂಚೆಯ ಪ್ರತಿಯನ್ನು ನಿಲ್ಲಿಸಿಬಿಟ್ಟೆ.

ಮುಂದಿನ ತಿಂಗಳು ಮಾದಪ್ಪಣ್ಣ ನನ್ನನ್ನು ತಡೆದ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಪುಸ್ತಕ ಬರ್ನಿಲ್ವಲ್ಲ ಸಾ? ಕಥೇಲಿ ಆ ಹುಡ್ಗಿ ಮದ್ವೆ ಆಯ್ತಾ ಇಲ್ವಾ, ನಮ್ಗೆ ಎಂಗ್ ಗೊತ್ತಾಗ್ಬೇಕು?"

"ನಿಲ್ಲಿಸಿದೆ. ಈಗ ಫೋನಿನಲ್ಲೇ ಓದ್ತೀನಿ."

"ನೀವು ಫೋನಲ್ಲೇ ಓದ್ಕಳಿ, ಯಾರು ಬ್ಯಾಡ ಅಂದ್ರು? ಪುಸ್ತಕ ಯಾಕೆ ನಿಲ್ಸುದ್ರಿ?"

ಅಷ್ಟು ಜನರ ಮುಖ ನೋಡಿ ಮತ್ತೆ ತರಿಸತೊಡಗಿದೆ. ಈಗ ಅವರು ಬೆಂಚಿನ ಮೇಲೆ ಓದುತ್ತಾರೆ, ನಾನು ಕಟ್ಟೆಯ ಮೇಲೆ ಬಿಸಿಲಲ್ಲಿ ನಿಂತು ಓದುತ್ತೇನೆ. ಹೋದ ವಾರ ಮಾದಪ್ಪಣ್ಣ ಕರೆದು ಹೇಳಿದ: "ಈ ಸಲ ಪುಸ್ತಕ ಹರ್ದೋಗಿ ಬಂದದೆ ಸಾ. ಆಫೀಸ್ನೋರಿಗೆ ನೀವು ವಸಿ ಜೋರು ಮಾಡಿ."